ಕಣ್ಣು ಮುಚ್ಚಿ ಆರಿಸಿದ ಟಿವಿ

ಆರಡಿ ಎತ್ತರದ ಆಳಿಗೆ ಶಾರ್ಟಣ್ಣ ಅಂತ ಯಾಕೆ ಹೆಸರು ಬಂತು ಎಂದು ಹೊಸಬರು ಕೇಳುವುದುಂಟು. ಅವನದು ಮೋಟಾರು ಸುತ್ತುವ ಅಂಗಡಿ. ಸುಟ್ಟುಹೋದ ಪಂಪು, ನಿಂತುಹೋದ ಫ್ಯಾನು, ಏನೇ ತಂದುಕೊಡಿ, ಹಳೆಯ ತಂತಿ ಕಿತ್ತು ಹೊಸ ತಾಮ್ರದ ತಂತಿ ಸುತ್ತಿ ಜೀವ ಬರಿಸುತ್ತಾನೆ. ಆದರೆ ಮಾತಿನ ಮಧ್ಯೆ ಯಾವ ತಂತಿ ಎಲ್ಲಿ ತಗಲುತ್ತದೋ ಹೇಳಲು ಬರುವುದಿಲ್ಲ, ಚಟ್ ಅಂತ ಕಿಡಿ ಹಾರುತ್ತದೆ. ಗಿರಾಕಿಗಳು ಬೆನ್ನ ಹಿಂದೆ ಇಟ್ಟ ‘ಶಾರ್ಟ್ ಸರ್ಕಿಟ್’ ಎಂಬ ಹೆಸರು ವರ್ಷ ಕಳೆದಂತೆ ಮುಂದೆಯೇ ಕರೆಯುವ ಶಾರ್ಟಣ್ಣ ಆಯಿತು. ಅವನು ಗದರದೆ ಬಿಟ್ಟದ್ದು ಈ ಭೂಮಿಯ ಮೇಲೆ ಒಬ್ಬರನ್ನು ಮಾತ್ರ. ಅದು ಅವನ ಅಕ್ಕ.

ಆ ಅಕ್ಕನ ವಿಷಯದಲ್ಲಿ ಅವನಿಗೆ ಭಯ ಹೊಕ್ಕದ್ದು ಒಂದು ಮಂಗಳವಾರ, ಬೆಳಿಗ್ಗೆ ಹನ್ನೊಂದು ಗಂಟೆಗೆ.

ಓದುವ ಕನ್ನಡಕ ಮನೆಯಲ್ಲೇ ಬಿಟ್ಟು ಬಂದಿದ್ದ. ಅಂದಿನದು ಕೂದಲೆಳೆಯಂಥ ತಂತಿಯ ಕೆಲಸ, ಕನ್ನಡಕವಿಲ್ಲದೆ ಆಗದು. ಗೊಣಗುತ್ತಾ ಗಾಡಿ ತಿರುಗಿಸಿ ಬಂದು ಬಾಗಿಲು ತಟ್ಟಿದ. ಅಕ್ಕ ಒಳಗಿನಿಂದ ಅಗುಳಿ ತೆಗೆದಳು. ಕನ್ನಡಕ ತಾನೆ, ಕಿಟಕಿ ಕಟ್ಟೆ ಮೇಲಿದೆ ಅಂದವಳೇ ತಾನೇ ಹೋಗಿ ತಂದು ಕೈಗಿಟ್ಟು, ಮತ್ತೆ ತನ್ನ ಬೆತ್ತದ ಕುರ್ಚಿಯಲ್ಲಿ ಟಿವಿಗೆ ಮುಖ ಮಾಡಿ ಕೂತಳು. ಧಾರಾವಾಹಿ ನಡೆಯುತ್ತಿತ್ತು. ಯಾವಳೋ ಸೊಸೆ ಬಿಕ್ಕುತ್ತಿದ್ದಳು.

“ನೋಡೋ, ಈ ಹುಡುಗಿ ಹೇಗೆ ಸೊರಗಿ ಹೋಗಿದಾಳೆ. ಕಣ್ಣ ಸುತ್ತ ಕಪ್ಪಾಗಿದೆ, ಪಾಪ” ಅಂದಳು ಅಕ್ಕ.

ಶಾರ್ಟಣ್ಣ ಟಿವಿ ಕಡೆ ನೋಡಿದ. ಪರದೆ ಇದ್ದಿಲಿನಂತೆ ಕಪ್ಪಗಿತ್ತು. ಹುಡುಗಿಯೂ ಇಲ್ಲ, ಕಣ್ಣೂ ಇಲ್ಲ. ಕತ್ತಲೆಯೊಳಗಿಂದ ಅಳು ಮಾತ್ರ ಬರುತ್ತಿತ್ತು.

ಚಿತ್ರ ಈಗಷ್ಟೇ ಹೋಗಿರಬೇಕು ಅಂದುಕೊಂಡ. ಇಪ್ಪತ್ತು ವರ್ಷದ ಡಬ್ಬ ಟಿವಿ, ಹೋದರೆ ಆಶ್ಚರ್ಯವಿಲ್ಲ. ಸದ್ದಾಗದಂತೆ ಪಕ್ಕಕ್ಕೆ ಹೋಗಿ ಅದರ ಬೆನ್ನ ಮೇಲೆ ಕೈಯಿಟ್ಟ. ಚಿತ್ರ ತೋರಿಸುವ ಟಿವಿಯ ಬೆನ್ನು ಬಿಸಿಯಿರಬೇಕು. ಅದು ಕಲ್ಲಿನಂತೆ ತಣ್ಣಗಿತ್ತು. ಅಂದರೆ ಬೆಳಿಗ್ಗೆಯಿಂದ ಅಕ್ಕ ಕತ್ತಲೆಯ ಮುಂದೆ ಕೂತು ‘ನೋಡುತ್ತಿದ್ದಾಳೆ’. ಬೆಳಿಗ್ಗೆಯಿಂದಲೋ, ತಿಂಗಳಿಂದಲೋ ಯಾರಿಗೆ ಗೊತ್ತು? ಅವನೂ ಹೆಂಡತಿಯೂ ಕೆಲಸ ಮುಗಿಸಿ ಮನೆ ಸೇರುವ ಹೊತ್ತಿಗೆ ಅಕ್ಕ ಟಿವಿ ಆರಿಸಿರುತ್ತಿದ್ದಳು. ಭಾನುವಾರ ಅದಕ್ಕೊಂದು ಬಟ್ಟೆ ಹೊದಿಸಿ, ಇವತ್ತು ನನ್ನ ಕಣ್ಣಿಗೂ ರಜೆ ಅನ್ನುತ್ತಿದ್ದಳು. ಅವರು ನಗುತ್ತಿದ್ದರು.

“ಯಾಕೋ ಸುಮ್ನಾದೆ?”

“ಏನಿಲ್ಲ ಅಕ್ಕ. ಬರ್ತೀನಿ.”

ಹೊರಡುವಾಗ ಅವಳ ಮುಂಗೈ ಕಂಡಿತು. ಮಣಿಕಟ್ಟಿನಿಂದ ಮೇಲಕ್ಕೆ ಸಣ್ಣ ಸಣ್ಣ ಸುಟ್ಟ ಕಲೆ, ಕೆಲವು ಹಳೆಯವು, ಒಂದು ಇನ್ನೂ ಕೆಂಪಗಿತ್ತು. ಅವನ ಹಿಂದೆಯೇ ಒಳಗಿನ ಅಗುಳಿ ಬಿತ್ತು. ಮನೆಯೊಳಗೆ ಗ್ಯಾಸ್ ಒಲೆ, ಬೆಂಕಿಕಡ್ಡಿ, ಹಿತ್ತಲ ಮೂರು ಮೆಟ್ಟಿಲು, ಮೂರು ಹೊತ್ತಿನ ಮೂರು ಬಗೆಯ ಮಾತ್ರೆ. ಇಷ್ಟರ ಜೊತೆ, ಬೆಳಿಗ್ಗೆ ಒಂಬತ್ತರಿಂದ ಸಂಜೆ ಆರರವರೆಗೆ, ಅಕ್ಕ ಒಬ್ಬಳೇ.

ಅಂಗಡಿಗೆ ಹೋಗಬೇಕಾದ ಗಾಡಿ ಸೀದಾ ಹೆಂಡತಿ ಕೆಲಸ ಮಾಡುವ ಪುಸ್ತಕ ಬೈಂಡಿಂಗ್ ಮನೆಗೆ ಹೋಯಿತು. ಅವಳು ಅಂಟಿನ ಕೈ ಒರೆಸಿಕೊಳ್ಳುತ್ತಾ ಹೊರಗೆ ಬಂದಳು. ಅವನು ಹೇಳಿದ್ದನ್ನೆಲ್ಲ ಕೇಳಿಸಿಕೊಂಡಳು, ಆದರೆ ಮುಖದಲ್ಲಿ ಗಾಬರಿಯೇ ಕಾಣಲಿಲ್ಲ. ಅದು ಅವನನ್ನು ಕೆರಳಿಸಿತು.

“ನಿನಗೆ ಮೊದಲೇ ಗೊತ್ತಿತ್ತಾ?”

“ಹೂಂ ರೀ. ಒಂದು ಸಲ ನಾನು ಉಪ್ಪು ಸಕ್ಕರೆ ಡಬ್ಬಿ ಅದಲುಬದಲು ಇಟ್ಟಿದ್ದೆ, ಅಕ್ಕ ಜಾಗದ ಗುರುತಿನ ಮೇಲೆ ತೆಗೆದು ಪಲ್ಯಕ್ಕೆ ಹಾಕಿದ್ರು. ಅವತ್ತು ಸಿಹಿ ಬದನೆಕಾಯಿ ತಿಂದ್ರಲ್ಲ, ನೆನಪಿಲ್ವಾ?”

“ಅದಕ್ಕೆ ನಾನು ನಿನ್ನ ಬೈದೆ.”

“ನಾನೇ ಮಾಡಿದ್ದು ಅಂತ ಬೈಸ್ಕೊಂಡೆ. ಇನ್ನೇನು ಮಾಡ್ಲಿ? ಅವತ್ತಿಂದ ಒಂದು ಚಮಚಾನೂ ಜಾಗ ಬದಲಿಸಿಲ್ಲ.”

ಹೇಳಬಾರದಿತ್ತಾ ಎಂದು ಹಾರಾಡಿದ. ಹೇಳಿದ್ದರೆ ನೀವು ಏನು ಮಾಡುತ್ತಿದ್ದಿರಿ ಎಂದು ಅವಳು ತಿರುಗಿ ಕೇಳಿದಳು. ಎದುರು ಮನೆಯ ಅಜ್ಜಿಯ ಸಂಗತಿ ಇಬ್ಬರಿಗೂ ನೆನಪಿತ್ತು. ಆ ಅಜ್ಜಿಗೆ ಕಣ್ಣು ಹೋದ ಮೇಲೆ ಮನೆಯವರು ಮಂಚದ ಮೇಲೆ ಕೂರಿಸಿ, ಕೈಗೊಂದು ಗಂಟೆ ಕೊಟ್ಟಿದ್ದರು. ಬೇಕಾದಾಗ ಬಾರಿಸು, ಏಳಬೇಡ ಅಂದಿದ್ದರು. ಅಜ್ಜಿ ಆ ಗಂಟೆಯನ್ನು ಒಂದು ಸಲವೂ ಬಾರಿಸದೆ ನಾಲ್ಕೇ ತಿಂಗಳಲ್ಲಿ ಹೋಗಿಬಿಟ್ಟಿತು. ಅದನ್ನು ನೋಡಿ ಬಂದ ದಿನ ಅಕ್ಕ ಒಲೆಯ ಮುಂದೆ ನಿಂತು, “ನನ್ನ ಕೈಯಿಂದ ಸೌಟು ಕಿತ್ಕೊಂಡ ದಿನ ನಾನು ಸತ್ತೆ ಅಂತ ತಿಳ್ಕೋ ತಮ್ಮಾ” ಅಂದಿದ್ದಳು. ಆಗ ಅವಳ ಕಣ್ಣಿನ ಒತ್ತಡಕ್ಕೆ ಡಾಕ್ಟರು ಹನಿ ಬರೆದುಕೊಟ್ಟಿದ್ದರು, ಹೋದ ನೋಟ ವಾಪಸು ಬರಲ್ಲ, ಇರುವುದನ್ನು ಉಳಿಸಿಕೊಳ್ಳಿ ಎಂದೂ ಹೇಳಿದ್ದರು. ಅಕ್ಕ ಎರಡು ಸಲ ಹೋದಳು, ಮೂರನೇ ಸಲ ಎಲ್ಲ ಚೆನ್ನಾಗಿ ಕಾಣ್ತಿದೆ ಅಂದಳು. ಅವನು ನಂಬಿದ. ಕೆಲಸದ ಗಡಿಬಿಡಿಯಲ್ಲಿ ನಂಬುವುದೇ ಸುಲಭವಾಗಿತ್ತು.

ಆ ಅಕ್ಕ ಎಂಥವಳು ಎಂದು ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಮದುವೆಯಾಗಿ ಎರಡೇ ವರ್ಷಕ್ಕೆ ಗಂಡನನ್ನು ಕಳೆದುಕೊಂಡು ತವರಿಗೆ ಬಂದಾಗ ತಮ್ಮನಿಗೆ ಒಂಬತ್ತು ವರ್ಷ. ಅಪ್ಪ ಅಮ್ಮ ಬೇಗ ಹೋದರು. ಅವಳು ಒಂದು ವೈಂಡಿಂಗ್ ಅಂಗಡಿಯಿಂದ ಫ್ಯಾನಿನ ಕಾಯಿಲುಗಳನ್ನು ಮನೆಗೆ ತಂದು ಸುತ್ತಿಕೊಟ್ಟು ಅವನನ್ನು ಸಾಕಿದಳು. ತಂತಿ ಹಿಡಿಯಲು ಅವನಿಗೆ ಕಲಿಸಿದವಳೂ ಅವಳೇ. ಪ್ರತಿ ಕಾಯಿಲಿಗೂ ಎರಡು ತುದಿ, ಸುತ್ತು ಶುರುವಾದದ್ದೊಂದು, ಮುಗಿದದ್ದೊಂದು. ನೋಡಲು ಎರಡೂ ಒಂದೇ. ಅದಲುಬದಲಾದರೆ ಫ್ಯಾನು ಹಿಂದುಮುಂದಾಗಿ ತಿರುಗುತ್ತದೆ, ಗಿರಾಕಿ ಬಾಗಿಲಿಗೆ ಬರುತ್ತಾನೆ. ಅದಕ್ಕೆ ಅಕ್ಕ ಒಂದು ಉಪಾಯ ಮಾಡಿದ್ದಳು. ಶುರುವಿನ ತುದಿಗೆ ದಾರದ ಒಂದು ಗಂಟು, ಕೊನೆಯ ತುದಿಗೆ ಎರಡು ಗಂಟು. ಕರೆಂಟು ಹೋದರೂ ಬೆರಳಿಗೆ ತಿಳಿಯಲಿ ಅನ್ನುತ್ತಿದ್ದಳು. ಒಂದು ಮೊದಲು, ಎರಡು ಕೊನೆ. ತಪ್ಪಿದರೆ ತಲೆಗೊಂದು ಮೊಟಕು.

ಈಗ ಕೇಳುವ ಧೈರ್ಯವೂ ಇಲ್ಲ, ಕೇಳದೆ ಇರುವ ನೆಮ್ಮದಿಯೂ ಇಲ್ಲ. ಅಂಗಡಿಯಲ್ಲಿ ಕೂತರೆ ತಾಮ್ರದ ಕೆಂಪೆಲ್ಲ ಬೆಂಕಿಯಂತೆ ಕಾಣುತ್ತಿತ್ತು. ಬೀದಿಯಲ್ಲಿ ಯಾವುದಾದರೂ ಸೈರನ್ ಕೂಗಿದರೆ ಸುತ್ತಿನ ಲೆಕ್ಕ ತಪ್ಪುತ್ತಿತ್ತು. ಮಧ್ಯಾಹ್ನ ಒಂದು ಗಂಟೆಗೆ, ಊಟ ಆಯ್ತಾ ಅಂತ ಕೇಳುವ ನೆಪದಲ್ಲಿ ಫೋನು ಮಾಡುವುದು ಶುರುವಾಯಿತು. ಅವನು ಕೇಳಿಸಿಕೊಳ್ಳುತ್ತಿದ್ದದ್ದು ಅಕ್ಕನ ಉತ್ತರವನ್ನಲ್ಲ, ಅವಳ ಹಿಂದಿನ ಟಿವಿಯ ಸದ್ದನ್ನು. ಆ ಸದ್ದೇ ಅವಳ ಗಡಿಯಾರ ಎಂದು ಹೆಂಡತಿ ಹೇಳಿದ್ದಳು. ಹತ್ತರ ಧಾರಾವಾಹಿಗೆ ಬಿಳಿ ಮಾತ್ರೆ, ಒಂದರ ಸುದ್ದಿಗೆ ಊಟ, ನಾಲ್ಕರ ಹಾಡಿಗೆ ಹಾಲು. ಸದ್ದು ಯಾವ ಕಡೆಯಿಂದ ಬರುತ್ತದೆ ಅನ್ನುವುದರ ಮೇಲೆ ಅಡುಗೆಮನೆ ಎತ್ತ, ಬಾಗಿಲು ಎತ್ತ ಅಂತ ಅವಳು ಗೊತ್ತು ಮಾಡಿಕೊಳ್ಳುತ್ತಿದ್ದಳು. ಸುಟ್ಟ ಟಿವಿ ಒಂದು ದಿನ ಸದ್ದನ್ನೂ ನಿಲ್ಲಿಸಿದರೆ?

ಹೊಸ ಟಿವಿ ತರಬೇಕು. ಆದರೆ ಚಿತ್ರ ಹೋಗಿದೆ ಅನ್ನುವಂತಿಲ್ಲ. ಸುಟ್ಟ ವಾಸನೆ ಬರ್ತಿದೆ, ಬದಲಿಸೋಣ ಅಂದ. ಅಕ್ಕ ಕುರ್ಚಿಯ ಕೈ ಬಿಗಿಯಾಗಿ ಹಿಡಿದುಕೊಂಡಳು.

“ನನಗೇನೂ ವಾಸನೆ ಬರ್ತಿಲ್ಲ. ಚೆನ್ನಾಗೇ ಕಾಣ್ತಿದೆಯಲ್ಲ, ಇರ್ಲಿ ಬಿಡು.”

ಅವಳ ದನಿಯಲ್ಲೂ ಭಯವಿತ್ತು. ಹಾಗೆ ಇಬ್ಬರೂ ಒಂದೇ ಭಯವನ್ನು ಆ ತುದಿ ಈ ತುದಿ ಹಿಡಿದುಕೊಂಡು, ನನ್ನ ಕೈಯಲ್ಲಿ ಏನೂ ಇಲ್ಲ ಅಂತ ಒಬ್ಬರಿಗೊಬ್ಬರು ತೋರಿಸುತ್ತಿದ್ದರು.

ಶನಿವಾರ ಅವನು ಟಿವಿ ಅಂಗಡಿಗೆ ಹೋದ. ಗೋಡೆ ತುಂಬ ಟಿವಿಗಳು, ಎಲ್ಲದರಲ್ಲೂ ಒಂದೇ ಮೀನು ಈಜುತ್ತಿತ್ತು. ಮಾರುವವನು ಚಿತ್ರದ ಹೊಳಪು ನೋಡಿ ಸಾರ್, ಮೀನಿನ ಮೈಮೇಲಿನ ಹುರುಪೆ ಎಣಿಸಬಹುದು ಅಂದ. ಶಾರ್ಟಣ್ಣ ರಿಮೋಟು ಇಸಿದುಕೊಂಡು ಕಣ್ಣು ಮುಚ್ಚಿಕೊಂಡ. ಬೆರಳಲ್ಲಿ ತಡಕಿ ಒಂದು ಗುಂಡಿ ಒತ್ತಿದ. ಏನೂ ಕೇಳಿಸಲಿಲ್ಲ. ಕಣ್ಣು ತೆರೆದರೆ ಪರದೆಯ ಮೇಲೆ ಸಾಲಾಗಿ ಚೌಕಗಳು, ಯಾವುದು ಬೇಕು ಆರಿಸಿ ಎಂದು ಮೂಕನಂತೆ ಕಾಯುತ್ತಿದ್ದವು.

“ಇದು ಯಾಕೆ ಬಾಯಿ ಬಿಡ್ತಿಲ್ಲ?”

ಮಾರುವವನು ನಕ್ಕು, ನೀವು ಬಾಯಿ ಬಿಟ್ಟರೆ ಸಾಕು ಸಾರ್, ಮಾತು ಕೇಳುತ್ತೆ ಅಂದ. ಸುದ್ದಿ ಹಾಕು ಎಂದು ಶಾರ್ಟಣ್ಣ ಪರದೆಗೆ ಹೇಳಿದ. ಅದು ಕುಸ್ತಿ ಹಾಕಿತು. ಇನ್ನೊಮ್ಮೆ ಗಟ್ಟಿಯಾಗಿ ಹೇಳಿದ, ಯಾವನೋ ಮಗುವಿಗೆ ಸ್ನಾನ ಮಾಡಿಸುವುದನ್ನು ತೋರಿಸಿತು. ಮೂರನೇ ಸಲ ಅವನು ಕೂಗಿದ್ದಕ್ಕೆ ಫ್ರಿಜ್ಜು ನೋಡುತ್ತಿದ್ದ ಗಂಡ ಹೆಂಡತಿ ಹೊರಗೆ ಹೋದರು. ಅಕ್ಕನೋ ಟಿವಿಯಲ್ಲಿರುವವರಿಗೆಲ್ಲ ದಿನವಿಡೀ ಬೈಯುತ್ತಾ ಕೂರುವವಳು. ಪ್ರತಿ ಬೈಗುಳಕ್ಕೂ ಇದು ಒಂದೊಂದು ಕಡೆ ಹಾರಿದರೆ ಅವಳ ಮಾತ್ರೆಯ ಗತಿ ಏನು? ಇಷ್ಟು ಬುದ್ಧಿ ಇಟ್ಟುಕೊಂಡು ಒಂದು ಸುದ್ದಿ ಹಾಕಲು ಬರದ ದಂಡಪಿಂಡ ಎಂದು ಟಿವಿಗೋ ಮಾರುವವನಿಗೋ ತಿಳಿಯದಂತೆ ಬೈದು ಇಳಿದುಬಂದ.

ಎರಡನೆಯದು ಹಿಂದಿನ ಬೀದಿಯ ಚಿಕ್ಕ ಅಂಗಡಿ. ದಪ್ಪ ಕನ್ನಡಕದ ಒಬ್ಬ ಹೆಂಗಸು ಬಿಚ್ಚಿದ ರೇಡಿಯೋ ಒಂದಕ್ಕೆ ಬೆಸುಗೆ ಹಾಕುತ್ತಿದ್ದಳು. ಇವನು ಅಲ್ಲೂ ರಿಮೋಟು ಹಿಡಿದು ಕಣ್ಣು ಮುಚ್ಚಿಕೊಂಡ. ಅವಳು ಬೆಸುಗೆಯ ಕಡ್ಡಿ ಕೆಳಗಿಟ್ಟಳು.

“ಮನೇಲಿ ಯಾರಿಗೆ?” ಎಂದು ಮೆಲ್ಲಗೆ ಕೇಳಿದಳು.

ಅವನು ಕಣ್ಣು ತೆರೆಯದೆ ಮುಂದಿನ ಗುಂಡಿ ತಡಕಿದ. ಅಂಗಡಿಯಾಕೆ ಮತ್ತೆ ಕೇಳಲೂ ಇಲ್ಲ. ಒಳಗಿನಿಂದ ಸಾಧಾರಣ ಅಳತೆಯ ಒಂದು ಟಿವಿ ತಂದಿಟ್ಟಳು. “ಇದಕ್ಕೆ ಬುದ್ಧಿ ಇಲ್ಲ ಅಣ್ಣ. ಹಚ್ಚಿದ್ರೆ ಹತ್ತುತ್ತೆ, ಆರಿಸಿದ್ರೆ ಆರುತ್ತೆ. ಅಷ್ಟೇ.”

ಅವನು ಕಣ್ಣು ಮುಚ್ಚಿ ಗುಂಡಿ ಒತ್ತಿದ. ಮನಸ್ಸಿನಲ್ಲೇ ಎಣಿಸಿದ. ಆರು ಅನ್ನುವಷ್ಟರಲ್ಲಿ ಸದ್ದು ಬಂತು. ಆರಿಸಿದ, ಹಚ್ಚಿದ, ಮತ್ತೆ ಆರಿಸಿದ. ಹತ್ತು ಸಲವೂ ಆರಕ್ಕೇ ಬಂತು. ಕರೆಂಟು ಹೋದರೆ ಹೇಗೆ ಎಂದು ಪ್ಲಗ್ಗನ್ನೇ ಕಿತ್ತು ಮತ್ತೆ ಹಾಕಿದ. ಎಲ್ಲಿ ಬಿಟ್ಟಿತ್ತೋ ಅಲ್ಲಿಂದಲೇ, ಎಷ್ಟಿತ್ತೋ ಅಷ್ಟೇ ಸದ್ದಿನಲ್ಲಿ ಎದ್ದು ಬಂತು. ಕೊನೆಗೆ ಕಣ್ಣು ಬಿಟ್ಟಾಗ ಟಿವಿಯ ಬಣ್ಣ ಯಾವುದು ಎಂದು ಮೊದಲ ಸಲ ನೋಡಿದ.

ದಾರಿಯಲ್ಲಿ ತನ್ನ ಅಂಗಡಿಗೆ ಹೋಗಿ ಬಾಗಿಲು ಅರ್ಧ ಎಳೆದುಕೊಂಡು ಕೂತ. ರಿಮೋಟಿನಲ್ಲಿ ಮೂವತ್ತೆಂಟು ಗುಂಡಿ, ಅಕ್ಕನಿಗೆ ಬೇಕಾದದ್ದು ಎರಡು. ಹಚ್ಚಿ ಆರಿಸುವ ಗುಂಡಿಯ ಮೇಲೆ ಒಂದು ಗಂಟಿನ ದಾರದ ತುಣುಕನ್ನು ವಾರ್ನಿಷ್ ಹಾಕಿ ಅಂಟಿಸಿದ. ಜಾಹೀರಾತು ಬಂದಾಗ ಟಿವಿ ಕಿರುಚುತ್ತದೆ, ಅಕ್ಕನ ಕಿವಿ ಚುರುಕು. ಹಾಗಾಗಿ ಸದ್ದು ಇಳಿಸುವ ಗುಂಡಿಗೆ ಎರಡು ಗಂಟು. ಮೂವತ್ತು ವರ್ಷ ಸಾವಿರಾರು ತುದಿಗಳಿಗೆ ಗಂಟು ಹಾಕಿದ ಕೈ ಅದು. ಆ ಗಂಟುಗಳಲ್ಲಿ ತಾನು ಏನು ಬರೆಯುತ್ತಿದ್ದೇನೆ ಎಂದು ಆ ಹೊತ್ತಿನಲ್ಲಿ ಅವನಿಗೆ ಹೊಳೆಯಲಿಲ್ಲ.

ಭಾನುವಾರ ಕೇಬಲ್‌ನವನು ಬಂದು ಎಲ್ಲ ಜೋಡಿಸಿ ಹೋದ. ತಂದದ್ದಾಯಿತಲ್ಲ ಎಂದು ಅಕ್ಕ ಹೆಚ್ಚು ತಕರಾರು ಮಾಡಲಿಲ್ಲ, ಹಳೆಯದು ಹೊರಗೆ ಹೋಗುವಾಗ ಅದರ ನೆತ್ತಿ ಸವರಿದಳು. ಹೊಸದನ್ನು ಹಚ್ಚಿ, ರಿಮೋಟನ್ನು ಅವಳ ಕೈಗಿಟ್ಟ. ಅವಳ ಹೆಬ್ಬೆರಳು ಗುಂಡಿಗಳ ಮೇಲೆ ನಡೆಯುತ್ತಾ ಹೋಗಿ ಒಂದು ಕಡೆ ನಿಂತಿತು. ಮುಂದೆ ಹೋಗಿ ಇನ್ನೊಂದು ಕಡೆ ನಿಂತಿತು. ಅವಳು ಏನೂ ಕೇಳಲಿಲ್ಲ. ಅವನು ಏನೂ ಹೇಳಲಿಲ್ಲ. ಹೇಳಿದರೆ ಎಲ್ಲವನ್ನೂ ಹೇಳಿದ ಹಾಗೆ.

“ಚಿತ್ರ ಚೆನ್ನಾಗಿದೆ” ಅಂದಳು ಅಕ್ಕ.

ಸೋಮವಾರ ಒಂದು ಗಂಟೆಗೆ ಫೋನು ಮಾಡಿದ. ಬಡಿದುಕೊಂಡು ನಿಂತಿತು. ಮತ್ತೆ ಮಾಡಿದ. ಮೂರನೇ ಸಲಕ್ಕೆ ಕೈಲಿದ್ದ ಕಾಯಿಲು ಜಾರಿ ನೆಲಕ್ಕೆ ಬಿದ್ದು ಬಿಚ್ಚಿಕೊಂಡಿತು. ಅಂಗಡಿ ಹಾಗೇ ಬಿಟ್ಟು ಗಾಡಿ ಹತ್ತಿದ. ದಾರಿಯ ತುಂಬ ಎಲ್ಲರ ಮೇಲೂ ಹಾರನ್ ಬಾರಿಸಿದ, ಆದರೆ ಯಾರಿಗೂ ಬೈಯಲಿಲ್ಲ. ಬೈಗುಳವೇ ಬರಲಿಲ್ಲ. ಬೀದಿಯ ತಿರುವಿನಲ್ಲಿ ತಲೆಯೆತ್ತಿ ಮೊದಲು ನೋಡಿದ್ದು ತನ್ನ ಮನೆಯ ಕಡೆ ಹೊಗೆ ಇದೆಯೇ ಅಂತ. ಇರಲಿಲ್ಲ. ಆದರೆ ಬಾಗಿಲ ಬಳಿ ನಿಂತಾಗ ವಾಸನೆ ಬಂತು, ಏನೋ ಹತ್ತಿ ಕರಕಲಾದ ವಾಸನೆ. ಅಗುಳಿ ಒಳಗಿನಿಂದ ಹಾಕಿತ್ತು. ಟಿವಿಯ ಸದ್ದಿಲ್ಲ. ಮನೆ ಸತ್ತಂತಿತ್ತು.

ಬಾಗಿಲು ಬಡಿದ. ಅಕ್ಕಾ ಎಂದ. ದನಿ ಒಂಬತ್ತು ವರ್ಷದ ಹುಡುಗನದಂತೆ ಹೊರಟಿತು. ಒಳಗೆ ಏನೋ ಉರುಳಿದ ಸದ್ದು, ಆಮೇಲೆ ನೆಲದ ಮೇಲೆ ಕೈ ಸವರುವ ಸದ್ದು. ಅವನು ಭುಜ ಕೊಟ್ಟು ಬಾಗಿಲು ಮುರಿಯಲು ಹಿಂದೆ ಸರಿದ.

“ಬಂದೆ ಕಣೋ. ಬಾಗಿಲು ಮುರೀಬೇಡ, ಮಾಡಿಸಿದ್ದು ನಾನು.”

ಅಗುಳಿ ಸಿಗಲು ಅವಳಿಗೆ ಬಹಳ ಹೊತ್ತು ಹಿಡಿಯಿತು. ಬಾಗಿಲು ತೆರೆದಾಗ ಅವಳ ಕೂದಲು ಕೆದರಿತ್ತು, ಮೊಣಕಾಲಿನ ಹತ್ತಿರ ಸೀರೆಗೆ ನೆಲದ ಧೂಳು ಮೆತ್ತಿತ್ತು, ಬಲಗೈಯ ನಾಲ್ಕೂ ಬೆರಳು ಕೆಂಪಗೆ ಊದಿದ್ದವು. ಎಡಗೈಯಲ್ಲಿ ರಿಮೋಟು ಇತ್ತು. ಅವನು ಅವಳನ್ನು ದಾಟಿ ಅಡುಗೆಮನೆಗೆ ಓಡಿದ. ಒಲೆ ಆರಿತ್ತು. ಹಾಲಿನ ಪಾತ್ರೆ ತಳ ಕರ್ರಗಾಗಿ ಬಚ್ಚಲ ಕಲ್ಲಿನ ಮೇಲೆ ಬೋರಲು ಬಿದ್ದಿತ್ತು. ಪರದೆಯಲ್ಲಿ ಸುದ್ದಿ ಓದುವವಳು ಬಾಯಿ ಆಡಿಸುತ್ತಿದ್ದಳು, ಸದ್ದು ಒಂದು ಚೂರೂ ಇರಲಿಲ್ಲ.

ಅವನು ವಾಪಸು ಬಂದು ಅವಳ ಕೈಯನ್ನು ತಣ್ಣೀರಿನ ಬೋಗುಣಿಯಲ್ಲಿ ಮುಳುಗಿಸಿ ಹಿಡಿದುಕೊಂಡ. ಏನಾಯಿತು ಎಂದು ಕೇಳಿದ್ದೇ ತಡ, ಅಕ್ಕ ಸಿಡಿದಳು. ಈ ವಂಶಕ್ಕೆ ಸಿಟ್ಟು ಎಲ್ಲಿಂದ ಬಂತು ಎಂದು ಅನುಮಾನವಿದ್ದವರಿಗೆ ಅಲ್ಲಿ ಉತ್ತರ ಸಿಗುತ್ತಿತ್ತು.

“ಒಂದು ಗಂಟು ಏನೋ?”

“ಮೊದಲು.”

“ಎರಡು ಗಂಟು?”

ಅವನು ರಿಮೋಟಿನ ಮೇಲೆ ತನ್ನ ಕೈಯಾರೆ ಅಂಟಿಸಿದ ದಾರ ನೋಡಿದ.

“ಕೊನೆ” ಅಂದ.

“ಮತ್ತೆ? ಯಾವ ಕತ್ತೆ ನಿನಗೆ ಕೆಲಸ ಕಲಿಸಿದ್ದು? ಹನ್ನೆರಡರ ಧಾರಾವಾಹಿ ಮುಗೀತು, ಸುದ್ದಿ ಬರೋ ತನಕ ಆರಿಸೋಣ ಅಂತ ಎರಡು ಗಂಟು ಒತ್ತಿದೆ. ಸದ್ದು ಸ್ವಲ್ಪ ಇಳೀತು. ಹೊಸದು, ನಿಧಾನಕ್ಕೆ ಆರುತ್ತೇನೋ ಅಂತ ಒತ್ತೇ ಹಿಡಿದೆ. ನಿಂತೋಯ್ತು. ಆಮೇಲೆ ಒಂದು ಗಂಟು ಒತ್ತಿದ್ರೆ ಜಪ್ಪಯ್ಯ ಅಂದ್ರೂ ಬಾಯಿ ಬಿಡಲ್ಲ.”

ಹೇಗೆ ಬಿಟ್ಟೀತು? ಮೊದಲನೇ ಸಲ ಒತ್ತಿದಾಗ ಅದು ಆರಿತ್ತು. ಎರಡನೇ ಸಲ ಹತ್ತಿತ್ತು, ಎಷ್ಟರಲ್ಲಿ ಬಿಟ್ಟಿತ್ತೋ ಅಷ್ಟೇ ಸದ್ದಿನಲ್ಲಿ, ಅಂದರೆ ಸೊನ್ನೆಯಲ್ಲಿ. ಅವನು ಕಣ್ಣು ಮುಚ್ಚಿ ಮೆಚ್ಚಿಕೊಂಡು ತಂದ ಗುಣವೇ ಅದು. ಉಳಿದದ್ದನ್ನು ಅಕ್ಕ ಬಿಟ್ಟು ಬಿಟ್ಟು ಹೇಳಿದಳು. ರಿಮೋಟು ಕುಟ್ಟುವಾಗ ಫೋನು ಮಡಿಲಿಂದ ಜಾರಿ ಎಲ್ಲೋ ಬಿತ್ತು. ನೆಲದಲ್ಲಿ ತಡಕುತ್ತಾ ಹೋದವಳಿಗೆ, ಸದ್ದಿಲ್ಲದ ಕೋಣೆಯಲ್ಲಿ, ಯಾವ ಕಡೆ ತಿರುಗಿದ್ದೇನೆ ಅನ್ನುವುದೇ ತಪ್ಪಿಹೋಯಿತು. ಗೋಡೆ ಅಂದುಕೊಂಡದ್ದು ಬೀರು, ಬಾಗಿಲು ಅಂದುಕೊಂಡದ್ದು ಗೋಡೆ. ಫೋನು ಬಡಿದುಕೊಳ್ಳುತ್ತಿತ್ತು, ಮೂಲೆ ಮೂಲೆಯಿಂದ ಬಡಿದುಕೊಂಡಂತೆ ಕೇಳಿಸುತ್ತಿತ್ತು. ಒಲೆಯ ಮೇಲೆ ಹಾಲಿಟ್ಟದ್ದು ನೆನಪಿತ್ತು, ಒಲೆ ಎಲ್ಲಿ ಅನ್ನುವುದು ಮಾತ್ರ ಗೊತ್ತಿರಲಿಲ್ಲ. ಕೊನೆಗೆ ಹತ್ತಿದ ವಾಸನೆಯ ಜಾಡು ಹಿಡಿದು ಹೋಗಿ, ನಾಬು ಹುಡುಕುವ ಬದಲು ಪಾತ್ರೆಗೇ ಕೈ ಹಾಕಿದ್ದಳು, ಒಲೆ ಆರಿಸಿದ್ದು ಆಮೇಲೆ.

ಹೇಳಿ ಮುಗಿಸಿದ ಮೇಲೆ ತಾನು ಏನೇನು ಹೇಳಿಬಿಟ್ಟೆ ಎಂದು ಅವಳಿಗೆ ಅರಿವಾಯಿತು. ಬೋಗುಣಿಯೊಳಗಿನ ಕೈ ಬಿಗಿಯಿತು.

ಅವನು ಕೇಳಿದ.

“ಎಷ್ಟು ಕಾಣ್ತದೆ ಅಕ್ಕ?”

ಅಕ್ಕ ಬೋಗುಣಿಯ ನೀರು ಕಲಕಿದಳು. ಆಮೇಲೆ ಕಿಟಕಿಯ ಕಡೆ ಮುಖ ತಿರುಗಿಸಿದಳು.

“ಬೆಳಕು ಅಲ್ಲಿದೆ ಅಂತ ಗೊತ್ತಾಗುತ್ತೆ. ನೀನು ಕರ್ರಗೆ ಕಾಣ್ತೀಯ. ಅದು ಮೊದಲಿಂದಲೂ ಹಾಗೇ ಅಲ್ವಾ.”

ಅವನಿಗೆ ನಗು ಬರಲಿಲ್ಲ. ಅವಳಿಗೂ ಬರಲಿಲ್ಲ. ಸೌಟಿನ ಮಾತನ್ನು ಯಾರೂ ಎತ್ತಲಿಲ್ಲ, ಆದರೆ ಅದು ಇಬ್ಬರ ನಡುವೆಯೇ ಕೂತಿತ್ತು. ಅವನು ಏನಾದರೂ ಅನ್ನುವ ಮೊದಲೇ ಅಕ್ಕ ಸುಟ್ಟ ಕೈಯನ್ನು ನೀರಿನಿಂದ ತೆಗೆದಳು.

“ನಿನ್ನ ಜೇಬಲ್ಲಿ ದಾರ ಇದೆಯಾ?”

ಇತ್ತು. ಯಾವಾಗಲೂ ಇರುತ್ತದೆ.

“ಆ ಒಲೆಯ ನಾಬಿಗೂ ಕಟ್ಟು. ಹಚ್ಚೋ ಕಡೆ ಒಂದು, ಆರಿಸೋ ಕಡೆ ಎರಡು. ಈ ಸಲ ಸರಿಯಾಗಿ ಕಟ್ಟು. ಆಮೇಲೆ ನಾಳೆ ನನ್ನ ಆ ಡಾಕ್ಟರ ಹತ್ತಿರ ಕರ್ಕೊಂಡು ಹೋಗು.”

ಅವನು ಒಲೆಯ ಮುಂದೆ ಮೊಣಕಾಲೂರಿ ಕೂತ. ಟಿವಿಯ ಸದ್ದು ಏರಿಸಿ ಬಂದಿದ್ದ, ಹೊರಗಿನ ಕೋಣೆಯಲ್ಲಿ ಸುದ್ದಿ ಮುಗಿಯುತ್ತಿತ್ತು. ಮೊದಲ ಗಂಟು ಎರಡು ಸಲ ಜಾರಿತು. ಅಕ್ಕ ಹಿಂದೆ ನಿಂತು ಅವನ ತಲೆಯ ಮೇಲೆ ಕೈಯಿಟ್ಟಿದ್ದಳು. ಹರಸಲೆಂದೋ, ತಪ್ಪಿದರೆ ಮೊಟಕಲೆಂದೋ ಹೇಳಲು ಬರುವಂತಿರಲಿಲ್ಲ. ಅವನು ಗಟ್ಟಿಯಾಗಿ ಹೇಳುತ್ತಾ ಕಟ್ಟಿದ.

“ಒಂದು, ಮೊದಲು.”

“ಹೂಂ.”

“ಎರಡು, ಕೊನೆ.”

“ಎಳೆದು ನೋಡು, ಬಿಗಿಯಾಗಿದೆಯಾ” ಅಂದಳು ಅಕ್ಕ.